ಬಸ್ಸಿಗೆ ಪ್ರತ್ಯೇಕ ಲೇನ್ ಕೊಟ್ಟರೆ ಜಾಮ್ ಜಾಸ್ತಿ ಆಗಲ್ವಾ?

ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ಒಂದು ಲೇನನ್ನು ಬಸ್ಸಿಗೇ ಬಿಟ್ಟುಕೊಟ್ಟರೆ ಉಳಿದವರು ಎಲ್ಲಿ ಹೋಗಬೇಕು ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೊಂದು ಬಸ್, ಬಸ್ಸಿಗೆ 50 ಜನ ಅಂದರೆ ಗಂಟೆಗೆ 3,000 ಜನ. ಅದೇ 3,000 ಜನ ಒಬ್ಬೊಬ್ಬರೇ ಕಾರಲ್ಲಿ ಬಂದರೆ 3,000 ಕಾರು. ಅಷ್ಟು ಕಾರು ಒಂದು ಲೇನಲ್ಲಿ ಒಂದು ಗಂಟೆಯಲ್ಲಿ ದಾಟೋಕೆ ಸಾಧ್ಯವೇ ಇಲ್ಲ.

ಇದನ್ನು ಮಾಡಿ ನೋಡಿದ್ದೂ ಆಗಿದೆ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಗಿಡ್ಡ ಕಂಬ ನೆಟ್ಟು ಬಸ್ ಲೇನ್ ಮಾಡಿದ್ದರು. ನಾನು ಆಗ ದಿನಾ ಮಾರತಹಳ್ಳಿಯಲ್ಲಿ ಬಸ್ ಹತ್ತುತ್ತಿದ್ದೆ. ಪಕ್ಕದಲ್ಲಿ ಕಾರುಗಳು ನಿಂತಲ್ಲೇ ನಿಂತಿರುತ್ತಿದ್ದವು, ನಮ್ಮ ಬಸ್ ಸಲೀಸಾಗಿ ಮುಂದೆ ಹೋಗುತ್ತಿತ್ತು. ಕಿಟಕಿ ಪಕ್ಕ ಕೂತವರ ಮುಖದಲ್ಲಿ ಆ ಖುಷಿ ಕಾಣುತ್ತಿತ್ತು! ಆದರೆ ಕಂಬ ಮುರಿದ ಕಡೆಯೆಲ್ಲ ಬೈಕು ನುಗ್ಗುತ್ತಿದ್ದವು. ಅಲ್ಲಿ ಮತ್ತೆ ಅದೇ ಹಾರ್ನ್, ಅದೇ ಬ್ರೇಕ್. ಆಮೇಲೆ ಮೆಟ್ರೊ ಕೆಲಸ ಶುರುವಾಗಿ ಲೇನೇ ಹೋಯಿತು.

ದಕ್ಷಿಣ ಕೊರಿಯಾದ ಸೋಲ್ ನಗರ 2004ರಲ್ಲಿ ರಸ್ತೆ ಮಧ್ಯದಲ್ಲೇ ಬಸ್ ಲೇನ್ ಹಾಕಿತು. ಬಸ್ಸಿಂದ ಮೆಟ್ರೊಗೆ ಬದಲಿಸಿದರೂ ಒಟ್ಟು ದೂರಕ್ಕೆ ತಕ್ಕ ಹಾಗೆ ಒಂದೇ ಲೆಕ್ಕದ ದರ ಮಾಡಿತು. ನಮಗೂ ಲೇನು, ಒಂದೇ ಲೆಕ್ಕದ ದರ ಎರಡೂ ಒಟ್ಟಿಗೆ ಬೇಕು. ಜೊತೆಗೆ ಬಸ್ಸೂ ಬೇಗ ಬೇಗ ಬರಬೇಕು. ಲೇನ್ ಒಂದೇ ಕೊಟ್ಟು ಬಸ್ಸಿಗೆ ಅರ್ಧ ಗಂಟೆ ಕಾಯಿಸಿದರೆ ಕಾರು ಬಿಟ್ಟು ಯಾರು ಬರ್ತಾರೆ ಹೇಳಿ? ಹಾಗಾಗಿ ಬಸ್ಸುಗಳ ಸಂಖ್ಯೆ ಮೊದಲು ಹೆಚ್ಚಬೇಕು ಅನ್ನೋದು ನನ್ನ ಅಭಿಪ್ರಾಯ.