ಅಕ್ಕನಿಗೆ ಬ್ರೆಸ್ಟ್ ಕ್ಯಾನ್ಸರ್, ಕೀಮೋ ನಡೀತಿದೆ, ಯಾರ ಹತ್ರಾನೂ ಮಾತಾಡ್ತಿಲ್ಲ. ಇದನ್ನ ದಾಟಿ ಬಂದೋರು ಸೈಡ್ ಎಫೆಕ್ಟ್‌ಗಳನ್ನ ಹೇಗೆ ನಿಭಾಯಿಸಿದ್ರಿ?

ನೀವು ಬರ್ದಿರೋದು ಇಷ್ಟು: ಅಕ್ಕನಿಗೆ ಎರಡು ಕೀಮೋ ಆಗಿದೆ, ಕೂದಲು ಹೋಗಿದೆ, ರೂಮಿಂದ ಹೊರಗೆ ಬರ್ತಿಲ್ಲ, "ಪಾಸಿಟಿವ್ ಆಗಿರು" ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಗೋಡೆ ಕಡೆ ತಿರುಗೋದು ಸರಿಯಾಗೇ ಇದೆ ಬಿಡಿ. ಆ ಮಾತು ಕೇಳಿ ಕೇಳಿ ನಂಗೂ ಸಾಕಾಗಿ ಹೋಗಿತ್ತು, ರಿಪೋರ್ಟಲ್ಲಿ ಪಾಸಿಟಿವ್ ಅಂತ ಬಂದಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಶುರುವಾಗಿದ್ದು.

ನಂದು ಎಡಗಡೆ. ಮೊದಲು ಆಪರೇಷನ್, ಆಮೇಲೆ ಕೆಂಪು ಔಷಧಿ, ಅದಾದ್ಮೇಲೆ ವಾರವಾರ ಟ್ಯಾಕ್ಸಾಲ್ ಅನ್ನೋ ಇನ್ನೊಂದು ಕೀಮೋ, ಆಮೇಲೆ ಕರೆಂಟು (ರೇಡಿಯೇಷನ್ನಿಗೆ ವಾರ್ಡಲ್ಲಿ ಎಲ್ರೂ ಹಾಗೇ ಅನ್ನೋದು), ಈಗ ದಿನಾ ಒಂದು ಮಾತ್ರೆ. ತುಂಬಾ ಜನಕ್ಕೆ ಕೊಡೋ ಕ್ರಮ ಇದೇ. ನಗ್ತಾ ಇದ್ರೆ ಕ್ಯಾನ್ಸರ್ ಓಡಿಹೋಗುತ್ತೆ ಅನ್ನೋ ವಾಟ್ಸಾಪ್ ಫಾರ್ವರ್ಡ್ ಮಾತ್ರ ನಂಬ್ಬೇಡಿ, ಓಡಿಸೋದು ಔಷಧಿ. ನಗು ನಂಗೆ ಮಾಡಿದ ಉಪಕಾರ ಬೇರೆ. ಬಾಯಿ ಬಿಟ್ಟು ಹೇಳೋಕೆ ನಾಚಿಕೆ ಆಗ್ತಿದ್ದ ಸಂಗತಿಗಳನ್ನ ಅದು ಹೊರಗೆ ತಂತು, ಹೊರಗೆ ಬಂದ್ಮೇಲೆ ಪಕ್ಕದ ಕುರ್ಚಿಯವರು "ಅಯ್ಯೋ ನಂಗೂ ಅಷ್ಟೇ, ಹೀಗೆ ಮಾಡಿ" ಅಂತಿದ್ರು. ಡಾಕ್ಟರ್ ಹತ್ರ ಐದು ನಿಮಿಷ ಸಿಗುತ್ತೆ, ಅದರಲ್ಲಿ ಮೂರು ನಿಮಿಷ ಅವರು ಫೈಲ್ ನೋಡ್ತಿರ್ತಾರೆ, ಅಲ್ಲಿ ಮಲಬದ್ಧತೆ ಬಗ್ಗೆ ಯಾರು ಬಾಯಿ ಬಿಡ್ತಾರೆ ಹೇಳಿ.

ಮೊದಲನೇ ಕೀಮೋ ದಿನ ಡೇಕೇರ್‌ನಲ್ಲಿ (ಕೀಮೋ ಹತ್ತಿಸೋ ವಾರ್ಡು) ಸಿಸ್ಟರ್ ಆ ದೊಡ್ಡ ಸಿರಿಂಜ್ ಹಿಡ್ಕೊಂಡು ಬಂದಾಗ ನನ್ನ ಕೈಕಾಲು ತಣ್ಣಗಾಗಿತ್ತು. ಡಾಕ್ಸೋರುಬಿಸಿನ್ ಅದು, ಕಡುಕೆಂಪು, ನಿಧಾನಕ್ಕೆ ಕೈಯಲ್ಲೇ ತಳ್ಳಿ ಹತ್ತಿಸ್ತಾರೆ. ಪಕ್ಕದಲ್ಲಿ ರಾಣೆಬೆನ್ನೂರು ಕಡೆಯ ಒಬ್ರು ಕೂತಿದ್ರು, ಆಗ್ಲೇ ಅವ್ರಿಗೆ ಕೀಮೋ ರೂಢಿಯಾಗಿತ್ತು. ನನ್ನ ಮುಖ ನೋಡಿ, "ಅಕ್ಕಾರ, ಇದು ಒಳಗ ಹ್ವಾದಮ್ಯಾಲ ನಾಳಿತನ ಬಚ್ಚಲದಾಗ ಬರೇ ಓಕುಳಿ, ರಕ್ತ ಅಂತ ತಿಳಕೊಂಡು ಒದರಬ್ಯಾಡ್ರಿ ಮತ್ತ, ನಾ ಒದರಿ ಓಣಿ ಮಂದಿನೆಲ್ಲಾ ಕೂಡಿಸಿದ್ದೆ" ಅಂದ್ರು. ಎದುರಿಗೆ ಕೂತಿದ್ದ ಮಂಡ್ಯದ ಆಂಟಿ ಮುಸುಮುಸು ನಕ್ಕಿದ್ದು ಕೇಳಿ ನಂಗೂ ತಡ್ಕೊಳ್ಳೋಕಾಗ್ಲಿಲ್ಲ. ಆ ಔಷಧಿ ಆದ್ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಬರೋದು ಮಾಮೂಲಿ, ಔಷಧಿಯ ಬಣ್ಣವೇ ಅದು. ನಂಗೆ ಕೊಟ್ಟ ಕಾಗದದಲ್ಲೂ ಅದು ಬರ್ದಿತ್ತು, ಆದ್ರೆ ಭಯದಲ್ಲಿ ಕಾಗದ ಓದೋರು ಯಾರು, ನಂಗೆ ನೆನಪಿದ್ದಿದ್ದು ಓಕುಳಿ ಮಾತ್ರ.

ಆಸ್ಪತ್ರೆ ಹತ್ರ ಸಿಕ್ಕ ಹೀಗಿನವರೇ ಸೇರಿ ಒಂದು ವಾಟ್ಸಾಪ್ ಗ್ರೂಪ್ ಆಯ್ತು. ಹೆಸರು ಇಲ್ಲಿ ಬರೆಯೋ ಹಾಗಿಲ್ಲ, ಅಷ್ಟು ಪೋಲಿ. ಅದರಲ್ಲಿ ಬೆಳಗಾದ್ರೆ ಮೊದಲನೇ ಪ್ರಶ್ನೆ "ರಿಸಲ್ಟ್ ಬಂತಾ?". ಹೊಸಬರು ಬಯಾಪ್ಸಿ ರಿಸಲ್ಟೋ ಸ್ಕ್ಯಾನ್ ರಿಸಲ್ಟೋ ಅಂದ್ಕೊಂಡು ಗಾಬರಿ ಆಗ್ತಿದ್ರು. ವಿಷಯ ಏನಪ್ಪಾ ಅಂದ್ರೆ, ವಾಂತಿ ನಿಲ್ಲೋಕೆ ಕೊಡೋ ಒಂಡಾನ್‌ಸೆಟ್ರಾನ್ ಮಾತ್ರೆ ವಾಂತಿ ಏನೋ ನಿಲ್ಲಿಸುತ್ತೆ, ಜೊತೆಗೆ ಕೆಳಗಿನ ಟ್ರಾಫಿಕ್ಕನ್ನೂ ನಿಲ್ಲಿಸಿಬಿಡುತ್ತೆ. "ಸಪ್ಲಿಮೆಂಟರಿಗೆ ಕಟ್ಟಿದೀನಿ", "ಜಸ್ಟ್ ಪಾಸ್", "ಡಿಸ್ಟಿಂಕ್ಷನ್!!" ಅಂತ ಉತ್ತರ ಬರೋದು, ಅಷ್ಟು ವಯಸ್ಸಾದ ಹೆಂಗಸರು ಎಸ್ಸೆಸ್ಸೆಲ್ಸಿ ಮಕ್ಕಳ ಹಾಗೆ ಸಂಭ್ರಮ ಪಡ್ತಿದ್ವಿ. ಆದ್ರೆ ಆ ತಮಾಷೆಯಿಂದಲೇ ನಾನು ಕಲ್ತಿದ್ದು, ಕಟ್ಟಿಕೊಂಡ ಮೇಲೆ ಒದ್ದಾಡೋ ಬದಲು ಕೀಮೋಗೆ ಮೊದಲೇ ಡಾಕ್ಟರ್ ಹತ್ರ ಅದಕ್ಕೊಂದು ಸಿರಪ್ ಬರೆಸ್ಕೋಬೇಕು, ನೀರು ಚೆನ್ನಾಗಿ ಕುಡೀಬೇಕು, ಕೌಂಟ್ (ಬಿಳಿ ರಕ್ತಕಣ) ಕಮ್ಮಿ ಇರೋವಾಗ ಮನೇಲಿ ಎನಿಮಾ ಗಿನಿಮಾ ಅಂತ ಕೈ ಹಾಕಬಾರ್ದು, ಇನ್ಫೆಕ್ಷನ್ ಆಗುತ್ತೆ. ನಿಮ್ಮಕ್ಕನನ್ನ ಇದನ್ನ ಒಂದ್ಸಲ ಕೇಳಿ ನೋಡಿ. ತಮ್ಮನ ಹತ್ರ ಹೇಳಲ್ಲ ಅನ್ಸುತ್ತೆ, ಹೆಂಗಸರ ಕೈಲಿ ಕೇಳಿಸಿ.

ಕೂದಲಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಿಮ್ಮಕ್ಕ ರೂಮು ಸೇರ್ಕೊಂಡಿರೋದು ಅದಕ್ಕೇ ಅನ್ಸುತ್ತೆ. ಕೆಂಪು ಔಷಧಿ ಆದ ಎರಡು ಮೂರು ವಾರಕ್ಕೆ ಉದುರೋಕೆ ಶುರು, ಆಗ ಬುರುಡೆ ಮುಟ್ಟಿದ್ರೂ ನೋವು. ನಮ್ಮ ಕಡೆ ಬೋಳುತಲೆ ಹೆಂಗಸು ಅಂದ್ರೆ ಎರಡೇ ಅರ್ಥ, ಒಂದು ತಿರುಪತಿ, ಇನ್ನೊಂದು ಹೇಳೋದು ಬೇಡ. ಹಳೇ ಕಾಲದಲ್ಲಿ ಗಂಡ ಸತ್ತೋರ ತಲೆ ಬೋಳಿಸ್ತಿದ್ದಿದ್ದನ್ನ ಕಣ್ಣಾರೆ ನೋಡಿದ ಮುದುಕಿ ನಮ್ಮ ಮನೇಲಿದ್ರು, ನಮ್ಮತ್ತೆಯ ಅಮ್ಮ. ನನ್ನ ತಲೆ ನೋಡಿ ಸೆರಗು ಬಾಯಿಗಿಟ್ಕೊಂಡು "ಮುತ್ತೈದೆ ತಲೆ ಹೀಗೆ ನೋಡೋ ಹಾಗಾಯ್ತಲ್ಲ" ಅಂತ ಅತ್ತಿದ್ದೇ ಅತ್ತಿದ್ದು. ನಾನು "ಅಜ್ಜಿ, ನಿಮ್ಮ ಮೊಮ್ಮಗ ಗುಂಡುಕಲ್ಲಿನ ಹಾಗಿದಾರೆ, ಅಲ್ನೋಡಿ ಐದನೇ ದೋಸೆ ತಿಂತಿದಾರೆ" ಅಂದೆ. ಅಜ್ಜಿಗೆ ಅಳುವಿನ ಮಧ್ಯೆ ನಗು ಬಂದುಬಿಡ್ತು, ನಗ್ತಾ ಅಳ್ತಾ ಕೆಮ್ಮು ಬಂದು ನೀರು ಕೊಡಬೇಕಾಯ್ತು. ಮಾರನೇ ದಿನ ಅವ್ರೇ ಒಂದು ಮೊಳ ಮಲ್ಲಿಗೆ ತರಿಸಿ, ಮುಡಿಸೋಕೆ ಕೂದಲಿಲ್ಲ ಅಂತ ಸ್ಕಾರ್ಫಿಗೇ ಪಿನ್ ಹಾಕಿ ಸಿಗಿಸಿದ್ರು. ಅದಾದ್ಮೇಲೆ ಬೀದೀಲಿ ಯಾರಾದ್ರೂ "ತಿರುಪತಿಗೆ ಹೋಗಿದ್ರಾ?" ಅಂದ್ರೆ "ಹೂಂ, ಲಡ್ಡು ಖಾಲಿಯಾಯ್ತು" ಅಂತಿದ್ದೆ. ಎಲ್ರಿಗೂ ರೋಗದ ಕತೆ ಹೇಳ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ.

ಸಣ್ಣ ವಿಷಯಗಳು: ತಲೆಗೆ ಸ್ಯಾಟಿನ್ ಸ್ಕಾರ್ಫ್ ಬೇಡ, ಜಾರುತ್ತೆ, ಒಗೆದು ಒಗೆದು ಮೆತ್ತಗಾಗಿರೋ ಹಳೇ ಕಾಟನ್ ಸೀರೆ ತುಂಡೇ ಬೆಸ್ಟು. ಏಪ್ರಿಲ್ ಬಿಸಿಲಲ್ಲಿ ವಿಗ್ ಹಾಕೋದು ಶಿಕ್ಷೆ. ಮೂಗಿನೊಳಗಿನ ಕೂದಲೂ ಉದುರುತ್ತೆ ಅಂತ ಯಾರೂ ಹೇಳಿರಲ್ಲ, ಬಗ್ಗಿದ್ರೆ ಸಾಕು ಮೂಗು ತೊಟ್ಟಿಕ್ಕುತ್ತೆ, ಕರ್ಚೀಫ್ ಜೊತೇಲಿರ್ಲಿ. ಬಾಯಿ ಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸ್ಲಿ. ಎಲ್ಲಾ ಊಟಾನೂ ಕಬ್ಬಿಣ ನೆಕ್ಕಿದ ಹಾಗೆ ಅನ್ಸಿದ್ರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ಕಿನದು ಕೊಡಿ.

ಇನ್ನು ಡೆಕ್ಸಾಮೆಥಸೋನ್. ಕೀಮೋ ಜೊತೆ ಕೊಡೋ ಸ್ಟೀರಾಯ್ಡ್, ಅದು ಒಳಗೆ ಹೋದ ರಾತ್ರಿ ನಿದ್ದೆ ಇಲ್ಲ, ಹಸಿವೋ ಹಸಿವು, ಮೈಯಲ್ಲಿ ಯಾರೋ ಹೊಕ್ಕಂಗೆ ಉತ್ಸಾಹ. ನಡುರಾತ್ರಿ ನಾನು ಸಾಸಿವೆ ಡಬ್ಬಿಯಿಂದ ಹಿಡಿದು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆವರೆಗೂ ಉಜ್ಜಿಟ್ಟಿದೀನಿ. ಗ್ರೂಪಲ್ಲಿ ಆ ಹೊತ್ತಿಗೆ ಯಾರಾದ್ರೂ ಒಬ್ರು ಎದ್ದೇ ಇರ್ತಿದ್ರು, ಅದು ದೊಡ್ಡ ಸಮಾಧಾನ ಕಣ್ರೀ, ಮನೆಯವರು ಎಷ್ಟೇ ಪ್ರೀತಿ ಮಾಡಿದ್ರೂ ಮೂರು ಗಂಟೆ ರಾತ್ರೀಲಿ ಅವ್ರು ಮಲಗಲೇಬೇಕಲ್ವಾ. ಅಂಥ ಒಂದು ರಾತ್ರೀಲೇ ನಮ್ಮ ತಂಬೋಲಾ ಹುಟ್ಟಿದ್ದು. ನೋಡೋಕೆ ಬರೋ ನೆಂಟರು ಹೇಳೋ ಮಾತುಗಳನ್ನ ಚೌಕ ಹಾಕಿ ಬರ್ಕೊಂಡ್ವಿ: "ನಮ್ಮ ಚಿಕ್ಕಮ್ಮನ ನಾದಿನಿಗೂ ಇದೇ ಆಗಿತ್ತು, ಪಾಪ", "ಮೈಕ್ರೋವೇವ್ ಜಾಸ್ತಿ ಬಳಸ್ತಿದ್ರಾ", "ಸಕ್ಕರೆ ಬಿಟ್ಬಿಡಿ ಸಾಕು", "ಒಂದು ಬೇರು ತಂದ್ಕೊಡ್ತೀನಿ, ಡಾಕ್ಟ್ರಿಗೆ ಹೇಳ್ಬೇಡಿ", "ನೀವು ಧೈರ್ಯವಂತೆ". ಯಾವ ಮಾತು ಬಂದ್ರೂ ಒಂದು ಗೆರೆ, ಸಾಲು ತುಂಬಿದ್ರೆ ಗ್ರೂಪಿಗೆ ಫೋಟೋ. ಆಮೇಲಿಂದ ನೆಂಟರು ಬಂದ್ರೆ ಸಿಟ್ಟು ಬರೋ ಬದಲು, ಆ ಬೇರಿನ ಮಾತು ಯಾವಾಗ ಬರುತ್ತೋ ಅಂತ ಕಾಯೋ ಹಾಗಾಯ್ತು. (ಬೇರು, ಕಷಾಯ ಯಾವುದನ್ನೂ ಕೀಮೋ ನಡೀತಿರೋವಾಗ ಡಾಕ್ಟರಿಗೆ ಹೇಳದೆ ಕೊಡಬೇಡಿ, ಲಿವರ್ ಕೈಕೊಟ್ರೆ ಕೀಮೋನೇ ನಿಲ್ಲಿಸ್ತಾರೆ.)

ಟ್ಯಾಕ್ಸಾಲಲ್ಲಿ ವಾಂತಿ ಕಮ್ಮಿ, ಆದ್ರೆ ಬೆರಳ ತುದಿ ಜುಮ್ಮುಗುಟ್ಟುತ್ತೆ, ಆಮೇಲೆ ಮರಗಟ್ಟುತ್ತೆ. ಬ್ಲೌಸ್ ಹುಕ್ ಹಾಕೋಕಾಗಲ್ಲ, ರಂಗೋಲಿ ಎಳೆ ನಿಲ್ಲಲ್ಲ, ಬಿಸಿ ಹಂಚು ಮುಟ್ಟಿದ್ರೆ ಗೊತ್ತಾಗೋದು ತಡ. ಇದನ್ನ ಸಹಿಸ್ಕೊಂಡು ಸುಮ್ನಿರೋ ಹಾಗಿಲ್ಲ, ಹೇಳಿದ್ರೆ ಡೋಸ್ ಸರಿ ಮಾಡ್ತಾರೆ, ಹೇಳ್ದಿದ್ರೆ ಟ್ರೀಟ್‌ಮೆಂಟ್ ಮುಗಿದ ಎಷ್ಟೋ ಕಾಲದವರೆಗೂ ಉಳಿದುಬಿಡಬಹುದು. ನಮ್ಮ ಮಂಡ್ಯದ ಆಂಟಿಗೆ ಆಮೇಲೆ ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಕೊಟ್ರು, ಅದರಲ್ಲಿ ಅಂಗೈ ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತೆ, ಬೆರಳಚ್ಚೇ ಅಳಿಸಿಹೋಗೋದೂ ಉಂಟು. ಅವ್ರು ನ್ಯಾಯಬೆಲೆ ಅಂಗಡೀಲಿ ಹೆಬ್ಬೆಟ್ಟು ಒತ್ತಿದ್ರೆ ಮಷಿನ್ನು ಒಪ್ಪಲ್ಲ, ಒರೆಸಿ ಒತ್ತಿದ್ರೂ ಒಪ್ಪಲ್ಲ, ಕೊನೆಗೆ ಗಂಡನ್ನ ಕರೆಸಿ ಒತ್ತಿಸಿ ಅಕ್ಕಿ ತಂದ್ರಂತೆ. ಗ್ರೂಪಿಗೆ ಬಂದು ಹೇಳಿದ್ದು: "ಬೆಳ್ಳಚ್ಚೇ ಇಲ್ಲ ಕಣ್ರವ್ವ, ಈಗ ಯಾರ್ ಮನೆ ಕದ್ರೂ ಸಿಕ್ಕಾಕ್ಕೊಳಲ್ಲ, ಬತ್ತೀರಾ?"

ಎದೆ ಬಗ್ಗೆ ಬರೆಯೋಕೆ ಸ್ವಲ್ಪ ಹಿಂಜರಿಕೆ, ಆದ್ರೂ ಬರೀತೀನಿ. ಒಂದು ಕಡೆ ತೆಗೆದ್ಮೇಲೆ ಬ್ರಾ ಒಳಗೆ ಇಟ್ಕೊಳ್ಳೋದಕ್ಕೆ ಸಿಲಿಕೋನಿಂದು ಬರುತ್ತೆ, ಬೆಲೆ ಜಾಸ್ತಿ, ಸೆಕೆ ಬೇರೆ. ಹತ್ತಿದು, ನೂಲಿಂದ ಹೆಣೆದಿದ್ದು ಹಗುರ, ಆದ್ರೆ ಹಗುರ ಇರೋದೇ ಅದರ ತೊಂದರೆ, ಮೇಲೇರಿಬಿಡುತ್ತೆ. ಒಬ್ರು ಮದುವೆ ಮನೇಲಿ ಅಕ್ಷತೆ ಹಾಕೋಕೆ ಕೈ ಎತ್ತಿದಾಗ ಅದು ಭುಜದ ಹತ್ರ ಹೋಗಿ ಕೂತಿತ್ತು, ಅದನ್ನ ಅವ್ರು ನಮಗೆ ಅಭಿನಯ ಮಾಡಿ ತೋರಿಸಿ ಎಲ್ರ ಹೊಟ್ಟೆ ಹುಣ್ಣಾಗಿಸಿದ್ರು. ಮತ್ತೆ ಅವ್ರೇ ಪರಿಹಾರಾನೂ ಕೊಟ್ರು, ಬ್ರಾ ಒಳಗಡೆಯಿಂದ ಒಂದು ಜೇಬು ಹೊಲಿಸಿ, ಹತ್ತಿ ಜೊತೆ ಸ್ವಲ್ಪ ತೂಕದ್ದು ತುಂಬಿ, ನಿಲ್ಲುತ್ತೆ ಅಂತ. ಇದೆಲ್ಲಾ ನಾವು ಕಂಡುಹಿಡಿದಿದ್ದೇನಲ್ಲ. ಅಮೆರಿಕಾದಲ್ಲಿ ಟೆರೀಸ್ ಲಾಸರ್ ಅಂತ ಒಬ್ರಿಗೆ 1952ರಲ್ಲಿ ಈ ಆಪರೇಷನ್ ಆಯ್ತು, ಆಮೇಲೆ ಹೇಗಿರ್ಬೇಕು ಅಂತ ಯಾರೂ ಹೇಳ್ದಿದ್ದಕ್ಕೆ ಅವ್ರೇ ಬೇರೆ ಪೇಷಂಟುಗಳ ವಾರ್ಡಿಗೆ ಹೋಗಿ ಹೇಳ್ಕೊಡೋಕೆ ಶುರು ಮಾಡಿದ್ರು, ರೀಚ್ ಟು ರಿಕವರಿ ಅಂತ ಅದರ ಹೆಸರು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನ ತನ್ನ ಕಾರ್ಯಕ್ರಮ ಮಾಡ್ಕೊಂಡ್ತು.

ಕರೆಂಟು ಮುಗಿದ್ಮೇಲೆ ದಿನಾ ನುಂಗೋ ಆ ಹಾರ್ಮೋನ್ ತಡೆಯೋ ಮಾತ್ರೆ ಶುರುವಾದ್ಮೇಲೆ ಬರೋ ಬಿಸಿ ಅಲೆ (ಇದ್ದಕ್ಕಿದ್ದಂಗೆ ಮೈಯೆಲ್ಲಾ ಬಿಸಿಯಾಗೋದು), ಕೀಲುನೋವು, ಗಂಡ ಹೆಂಡತಿ ಮಧ್ಯದ ಒಣಗಿದ ವ್ಯವಹಾರ, ಇವೆಲ್ಲಾ ಗ್ರೂಪಲ್ಲಿ ಬರ್ತಿತ್ತು. ಕೊನೇದಕ್ಕೆ ನೀರು ಆಧಾರಿತ ಜೆಲ್ ಸಿಗುತ್ತೆ, ಹಾರ್ಮೋನ್ ಇರೋ ಕ್ರೀಮ್ ಮಾತ್ರ ಆಂಕಾಲಜಿಸ್ಟನ್ನ (ಕ್ಯಾನ್ಸರ್ ಡಾಕ್ಟರ್) ಕೇಳದೆ ಬೇಡ. ಇಷ್ಟು ಸಾಕು, ತಮ್ಮ ಓದ್ತಿದಾನೆ.

ನಗಬಾರದ ಒಂದು ವಿಷಯ ಇದೆ. ಜ್ವರ. ಥರ್ಮಾಮೀಟರ್ ಮನೇಲಿರ್ಲಿ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ತು ಅಂದ್ರೆ ಡೋಲೋ ನುಂಗಿಸಿ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ, ಆ ಹೊತ್ತಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಕೀಮೋ ಆದ ಒಂದು ವಾರದಿಂದ ಎರಡು ವಾರದ ಮಧ್ಯೆ ಬಿಳಿ ರಕ್ತಕಣ ತಳ ಮುಟ್ಟಿರುತ್ತೆ, ಆಗ ಸಣ್ಣ ಇನ್ಫೆಕ್ಷನ್ನೂ ಪ್ರಾಣಕ್ಕೆ ಬರುತ್ತೆ. ನಮ್ಮ ಗ್ರೂಪಲ್ಲಿ ಯಾರಾದ್ರೂ ಜ್ವರ ಅಂದ್ರೆ ತಮಾಷೆ ಬಂದ್, ಎಲ್ರೂ ಸೇರಿ ಹೊರಡೋವರೆಗೂ ಬೈತಿದ್ವಿ.

ಮತ್ತೆ, ಇಂಥ ಗೆಳೆತನಕ್ಕೆ ಬೆಲೆಯೂ ಇದೆ, ಅದನ್ನ ಮುಚ್ಚಿಡಲ್ಲ. ಓಕುಳಿ ಅಂದ ಅಕ್ಕನಿಗೆ ಕಾಯಿಲೆ ತಿರುಗಿ ಬಂತು, ಲಿವರಿಗೆ. ಆಗ ಏನ್ ಬರೀಬೇಕು ಅಂತ ಯಾರಿಗೂ ತೋಚಲಿಲ್ಲ, ಗ್ರೂಪು ಸ್ತಬ್ಧ. ಅವ್ರೇ "ಯಾಕ್ರವಾ ಎಲ್ಲಾರೂ ಮೌನವ್ರತ? ನನ್ನ ರಿಸಲ್ಟ್ ಯಾರೂ ಕೇಳವಲ್ರಿ" ಅಂದ್ರು. ಕೊನೇವರೆಗೂ ಕೇಳಿದ್ವಿ. ಅವ್ರು ಹೋದ್ಮೇಲೆ ಇಬ್ರು ಗ್ರೂಪ್ ಬಿಟ್ರು, ಅವ್ರನ್ನ ಯಾರೂ ತಪ್ಪು ತಿಳೀಲಿಲ್ಲ.

ಹಾಗಾಗಿ ನೀವು ಮಾಡಬೇಕಾಗಿರೋದು ಜೋಕ್ ಹೇಳೋದಲ್ಲ. ಬೋಳುತಲೆ ಜೋಕು ಬೋಳುತಲೆಯವರ ಬಾಯಲ್ಲಿ ಬಂದ್ರೆ ಮಾತ್ರ ಜೋಕು, ಬೇರೆಯವರ ಬಾಯಲ್ಲಿ ಬಂದ್ರೆ ಹೊಡೀಬೇಕು ಅನ್ಸುತ್ತೆ. ಅಕ್ಕ ತಾವೇ ಏನಾದ್ರೂ ಕೆಟ್ಟ ತಮಾಷೆ ಮಾಡಿದ್ರೆ "ಥೂ ಹಾಗೆಲ್ಲಾ ಅನ್ನಬೇಡ" ಅಂತ ಬಾಯಿ ಮುಚ್ಚಿಸಬೇಡಿ, ಅಷ್ಟೇ. ಮುಂದಿನ ಕೀಮೋ ದಿನ ಡೇಕೇರ್ ಸಿಸ್ಟರ್‌ನೋ, ಆಸ್ಪತ್ರೆಯ ಸೋಷಿಯಲ್ ವರ್ಕರ್‌ನೋ ಹಿಡಿದು, ಇದೇ ಔಷಧಿ ಮುಗಿಸಿದೋರು ಯಾರಾದ್ರೂ ಮಾತಾಡೋಕೆ ಸಿಗ್ತಾರಾ ಕೇಳಿ. ಸಿಕ್ಕಿದ್ರೆ ನೀವು ಅಲ್ಲಿಂದ ಕಾಫಿ ನೆಪ ಮಾಡಿ ಎದ್ದುಹೋಗಿ, ನೀವಿದ್ರೆ ಅವ್ರು ಬಾಯಿ ಬಿಡಲ್ಲ. ಇದು ಎಲ್ರಿಗೂ ಒಗ್ಗಲ್ಲ ಅನ್ನೋದೂ ನಿಜ, ಒಬ್ಬರೇ ಇದ್ದು ದಾಟೋರೂ ಇದಾರೆ. ಆದ್ರೆ ಎರಡು ವಾರ ಆದ್ರೂ ಊಟ ನಿದ್ದೆ ಮಾತು ಮೂರೂ ಇಲ್ಲ ಅಂದ್ರೆ ಅದು ಬರೀ ಬೇಜಾರಲ್ಲ, ಆಂಕಾಲಜಿಸ್ಟಿಗೆ ಹೇಳಿ, ಅದಕ್ಕೂ ಔಷಧಿ ಇದೆ. ಟೆಲಿ ಮಾನಸ್ ಅಂತ ಸರ್ಕಾರದ್ದು 14416 ನಂಬರ್ ಇದೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ, ಅಕ್ಕ ಮಾಡ್ದಿದ್ರೆ ನೀವೇ ಮಾಡಿ ಕೇಳಬಹುದು.

ಯಾವ ಊರು, ಈಗ ಯಾವ ಔಷಧಿ ನಡೀತಿದೆ ಅಂತ ಬರೀರಿ. ಆ ಕಡೆಯವರು ನಮ್ಮ ಗ್ರೂಪಲ್ಲಿ ಇಬ್ರು ಮೂವರಾದ್ರೂ ಇರ್ತಾರೆ, ಅಕ್ಕ ಹೂಂ ಅಂದ್ರೆ ಫೋನ್ ಮಾಡಿಸ್ತೀನಿ. ಗ್ರೂಪಿನ ಹೆಸರು ಅವರಿಗೆ ಮಾತ್ರ ಹೇಳ್ತೀನಿ.