ಕೊರಗ ಭಾಷೆಯ ಪದಗಳ ಅರ್ಥ ಅಭ್ಯಾಸ ಮಾಡಲು ಸ್ವಾದೇಶ್ ಪಟ್ಟಿ ಸಾಕಾ? ಕನ್ನಡದಲ್ಲೇ ಕೇಳಿದರೆ ನಡೆಯುತ್ತಾ?

ನಿಮ್ಮ ಪ್ರಶ್ನೆ ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಸ್ವಾದೇಶ್ ಪಟ್ಟಿ ಅಂದರೆ ಎಲ್ಲ ಭಾಷೆಯಲ್ಲೂ ಇರುತ್ತವೆ ಅಂದುಕೊಂಡ ದಿನಬಳಕೆಯ ಮೂಲ ಪದಗಳ ಪಟ್ಟಿ; ಅದರಲ್ಲಿ ನೂರು ಪದದ್ದು ಸಾಕಾ, 207ರದ್ದು ಬೇಕಾ ಅಂತ ನಾನೂ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ 207ರ ಪಟ್ಟಿಯನ್ನು ಕನ್ನಡಕ್ಕೆ ಮಾಡಿಕೊಂಡು, ಲ್ಯಾಮಿನೇಟ್ ಬೇರೆ ಮಾಡಿಸಿ, ಉಡುಪಿ ಜಿಲ್ಲೆಯಲ್ಲಿ ಕೊರಗ ಸಮುದಾಯದವರ ಒಂದು ಕಾಲೊನಿಗೆ ಹೋದೆ.

ಅಂಗಳದಲ್ಲಿ ಒಬ್ಬರು ಅಜ್ಜಿ ಬುಟ್ಟಿ ಹೆಣೆಯುತ್ತಾ ಕೂತಿದ್ದರು. ರೆಕಾರ್ಡರ್ ಆನ್ ಮಾಡಿ, "ಅಜ್ಜೀ, ಕತ್ತರಿಸೋದಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ?" ಅಂದೆ.

ಅವರು ಕೈ ನಿಲ್ಲಿಸಿ, "ಎಂತದನ್ನು ಮಗಾ? ಬಳ್ಳಿಯನ್ನಾ? ಉದ್ದಕ್ಕಾ, ಅಡ್ಡಕ್ಕಾ?" ಅಂದರು.

"ಹಂಗೇನಿಲ್ಲ ಅಜ್ಜಿ, ಸುಮ್ನೆ ಕತ್ತರಿಸೋದು."

ನನ್ನ ಮುಖವನ್ನೇ ನೋಡಿ ಒಂದು ಪದ ಹೇಳಿದರು. ಬರೆದುಕೊಂಡು ಮುಂದಿನ ಸಾಲಿಗೆ ಹೋದೆ.

ನನ್ನ ಒಂದು ವರ್ಷವನ್ನು ತಿಂದಿದ್ದು ಆ "ಸುಮ್ನೆ". ಕನ್ನಡದಲ್ಲೇ ನೋಡಿ. ತರಕಾರಿ ಹೆಚ್ಚುತ್ತೇವೆ, ಹೂ ಕೊಯ್ಯುತ್ತೇವೆ, ಮರ ಕಡಿಯುತ್ತೇವೆ, ಸೌದೆ ಸೀಳುತ್ತೇವೆ, ಬಟ್ಟೆ ಕತ್ತರಿಸುತ್ತೇವೆ. ಮರ ಹೆಚ್ಚಿದೆ ಅಂದರೆ ಮಕ್ಕಳೂ ನಗುತ್ತಾರೆ. ಯಾರೋ ಬಂದು "ಸುಮ್ನೆ ಕಟ್ ಮಾಡೋದಕ್ಕೆ ಏನಂತೀರಿ" ಅಂದರೆ ಬಾಯಿಗೆ ಬಂದ ಒಂದು ಪದ ಕೊಟ್ಟು ಕಳಿಸುತ್ತೇವೆ, ಅಲ್ವಾ? ಅಜ್ಜಿ ಮಾಡಿದ್ದೂ ಅದನ್ನೇ. ಅವರು ಬೆತ್ತ, ಬಿದಿರು, ಕಾಡುಬಳ್ಳಿಯ ಜೊತೆ ಆಯುಷ್ಯ ಕಳೆದವರು. ಒಂದು ಪದ ಎಲ್ಲಿ ನಿಲ್ಲುತ್ತದೆ, ಇನ್ನೊಂದು ಎಲ್ಲಿಂದ ಶುರು ಅನ್ನೋದನ್ನು ಅವರಾಗಿಯೇ ಎತ್ತಿ ಕೊಟ್ಟಿದ್ದರು: ಉದ್ದಕ್ಕಾ, ಅಡ್ಡಕ್ಕಾ. ನಾನು ಹುಡುಕಿಕೊಂಡು ಹೋಗಿದ್ದೇ ಅದು! ಆದರೆ ನನ್ನ ಹಾಳೆಯಲ್ಲಿ "ಕತ್ತರಿಸು" ಎದುರಿಗೆ ಇದ್ದದ್ದು ಒಂದೇ ಪದ ಬರೆಯುವಷ್ಟು ಜಾಗ. ಅವರು ಕೇಳಿದ್ದನ್ನು ಬರೆದುಕೊಳ್ಳಲೇ ಇಲ್ಲ. ಕೆಲಸಕ್ಕೆ ಅಡ್ಡಿ ಅಂದುಕೊಂಡೆ. ಹೀಗೆ ಎಷ್ಟು ಸಲ ಅವರ ಬಾಯಿ ಮುಚ್ಚಿಸಿದ್ದೆ ಅನ್ನೋದು ಆಮೇಲೆ ರೆಕಾರ್ಡಿಂಗ್ ಕೇಳಿದಾಗಲೇ ಗೊತ್ತಾಗಿದ್ದು.

ನನ್ನ ಸಂಶೋಧನೆಯ ಗೈಡ್ ಆ ರೆಕಾರ್ಡಿಂಗ್ ಕೇಳಿ ಹೇಳಿದ್ದು ಒಂದೇ ಮಾತು: "ಇದ್ರಲ್ಲಿ ಅರ್ಧ ತುಳು ಕಣಯ್ಯಾ." ನಾನು ಬಯಲುಸೀಮೆಯವನು, ತುಳು ಬರಲ್ಲ. ಕೊರಗರು ಹೊರಗಿನವರ ಜೊತೆ ಹೆಚ್ಚಾಗಿ ಆಡೋದು ತುಳು. ಯಾವುದು ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಹೇಳ್ತಿದ್ದೀನಿ, ನೂರೋ 207ರೋ ಅನ್ನೋದನ್ನು ಬಿಡಿ. ಆ ಪಟ್ಟಿ ಮಾಡಿದ್ದು ಭಾಷೆಗಳ ನಂಟು ಎಷ್ಟು ಹಳೆಯದು ಅಂತ ಲೆಕ್ಕ ಹಾಕೋದಕ್ಕೆ, ಅರ್ಥ ತಿಳಿಯೋದಕ್ಕಲ್ಲ. ಕನ್ನಡದಲ್ಲಿ ಕೇಳಿದರೂ ನಡೆಯಲ್ಲ. ಆರು ತಿಂಗಳು ತುಳು ಕಲಿಯಿರಿ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1971ರಲ್ಲೇ ಕೊರಗ ಭಾಷೆಯ ಬಗ್ಗೆ ಪುಸ್ತಕ ಬರೆದಿದ್ದಾರೆ, ಅದನ್ನು ಓದದೆ ಬಸ್ ಹತ್ತಬೇಡಿ.

ಎರಡನೇ ಸಲ ಹೋದಾಗ ಭಾಷೆಗಳ ಬಗ್ಗೆ ಸಂಶೋಧನೆ ಮಾಡುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು, ನೋಡಿದವರು ಏನಂತಾರೆ ಅಂತ ಕೇಳೋದಕ್ಕೆ ಮಾಡಿದ ವಿಡಿಯೊ ತುಣುಕುಗಳನ್ನು ಲ್ಯಾಪ್‌ಟಾಪಿನಲ್ಲಿ ಒಯ್ದಿದ್ದೆ. ಕತ್ತರಿಸೋದು, ಮುರಿಯೋದು, ಹರಿಯೋದು, ಒಟ್ಟು 61. ತಮಿಳೂ ಸೇರಿ 28 ಭಾಷೆಗಳಲ್ಲಿ ಬಳಸಿದ್ದಾರೆ. ಒಂದರಲ್ಲಿ ಕ್ಯಾರೆಟ್ಟನ್ನು ಸುತ್ತಿಗೆಯಿಂದ ಜಜ್ಜುತ್ತಾರೆ. ಅಜ್ಜಿ ಕೇಳಿದರು, "ಅವರ ಮನೆಯಲ್ಲಿ ಕತ್ತಿ ಇಲ್ವಾ?"

ತುಣುಕುಗಳು ಉಪಯೋಗಕ್ಕೆ ಬಂದವು, ಇಲ್ಲ ಅನ್ನಲ್ಲ. ಆದರೆ ಜಾಸ್ತಿ ಸಿಕ್ಕಿದ್ದು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ. ಅಜ್ಜಿ ಬಳ್ಳಿ ಸೀಳುತ್ತಾ, ಮೊಮ್ಮಗಳ ಕೈಯಲ್ಲಿ ಸಿಪ್ಪೆ ಕೆರೆಸುತ್ತಾ, ಅವಳು ತಪ್ಪು ಮಾಡಿದಾಗಲೆಲ್ಲ ಬೈಯುತ್ತಾ ಇದ್ದರು. ಆ ಬೈಗುಳದಲ್ಲಿ ಕ್ರಿಯಾಪದಗಳು ಒಂದರ ಹಿಂದೆ ಒಂದು ಬಂದವು. ಪದಗಳನ್ನು ಇಲ್ಲಿ ಹಾಕಲ್ಲ, ಆ ಮನೆಯವರನ್ನು ಕೇಳಿಲ್ಲ.

ಅವರ ಒಂದು ದಿನದ ದುಡಿಮೆ ನಿಮ್ಮಿಂದ ಹೋಗುತ್ತೆ, ಕೂಲಿ ಕೊಡಿ. ಹೋಗುವಾಗ ಹರಿತವಾದ ಒಂದು ಕತ್ತಿ ತಗೊಂಡು ಹೋಗಿ. ನಾನು ಒಯ್ದದ್ದನ್ನು ಅಜ್ಜಿ ಹೆಬ್ಬೆರಳಲ್ಲಿ ಸವರಿ ನೋಡಿ, ಮಾತಾಡದೆ ಪಕ್ಕಕ್ಕಿಟ್ಟರು.