ಹುಳುಮನೆಗೆ ಇರುವ ಮಡಿ ಮಗುವಿಗೆ ಯಾಕಿಲ್ಲ?

ಪ್ರಶ್ನೆ: ನಾನು ಮನೆಯೊಳಗೆ ಯಾವತ್ತೂ ಸಿಗರೇಟು ಸೇದಿಲ್ಲ, ಮಹಡಿ ಮೇಲೆ ಹೋಗಿಯೇ ಸೇದುತ್ತೇನೆ. ಆದರೂ ಹತ್ತು ತಿಂಗಳ ಮಗಳಿಗೆ ಪದೇ ಪದೇ ಎದೆ ಗೊರಗೊರ ಅನ್ನುತ್ತೆ, ನೆಬುಲೈಸರ್ ಇಡಿಸಬೇಕಾಗುತ್ತೆ. ಡಾಕ್ಟರು ನನ್ನನ್ನೇ ಬೈಯುತ್ತಾರೆ. ಇದು ನ್ಯಾಯವೇ? (ಶಿಡ್ಲಘಟ್ಟ)

ನ್ಯಾಯವೇ. "ಹೊರಗಡೆ ಸೇದ್ತೀನಿ ಸಾರ್" ಅನ್ನುವ ಮಾತು ಕೇಳದೆ ನನ್ನ ಒಂದು ವಾರವೂ ಕಳೆಯುವುದಿಲ್ಲ. ಅದಕ್ಕೇ ಈ ಸಲ ಜಾಗವೆಲ್ಲ ಇದಕ್ಕೇ ಹೋಗಲಿ.

ಕಳೆದ ಮಳೆಗಾಲದಲ್ಲಿ ರೈತರೊಬ್ಬರು ಏಳು ತಿಂಗಳ ಗಂಡುಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಮಗುವಿಗೆ ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಅಷ್ಟು ಕಷ್ಟದಲ್ಲೂ ಅಪ್ಪನ ಶರ್ಟಿನ ಕಾಲರನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಸ್ಟೆತಸ್ಕೋಪ್ ಇಡಲು ಬಗ್ಗಿದೆ, ಆ ಕಾಲರಿನಿಂದ ಬೀಡಿ ವಾಸನೆ ಮೂಗಿಗೆ ಬಡಿಯಿತು. ಮನೆಯೊಳಗೆ ಸೇದಲ್ಲ ಎಂದು ಅವರು ಆಣೆ ಮಾಡಿದರು, ನಾನು ನಂಬಿದೆ. ಆದರೆ ಅವರು ಹೊಗೆಯನ್ನು ಶರ್ಟಿನಲ್ಲೇ ಹೊತ್ತು ತಂದಿದ್ದರು.

ಕೊನೆಯ ದಮ್ಮು ಎಳೆದ ಮೇಲೂ ಕೆಲವು ನಿಮಿಷ ನಿಮ್ಮ ಉಸಿರಿನಲ್ಲಿ ಹೊಗೆ ಹೊರಬರುತ್ತಲೇ ಇರುತ್ತದೆ. ನಿಕೋಟಿನ್ ಬಟ್ಟೆಗೆ, ಕೂದಲಿಗೆ, ಬೆರಳಿಗೆ, ಹಾಸಿಗೆಗೆ ಅಂಟುತ್ತದೆ. ಅಂಬೆಗಾಲಿಡುವ ಮಗು ಅದನ್ನೆಲ್ಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ನೀವು ನಿಮಿಷಕ್ಕೆ ಹದಿನೈದು ಸಲ ಉಸಿರಾಡಿದರೆ ಅದು ಮೂವತ್ತು, ನಲವತ್ತು ಸಲ ಆಡುತ್ತದೆ. ಮೈಗೆ ಸೇರಿದ ನಿಕೋಟಿನ್ ಕೊಟಿನಿನ್ ಆಗಿ ಮೂತ್ರದಲ್ಲಿ ಹೊರಬೀಳುತ್ತದೆ. ಪರೀಕ್ಷೆ ಮಾಡಿದಾಗ ಹೊರಗೆ ಮಾತ್ರ ಸೇದುವವರ ಮಕ್ಕಳಲ್ಲೂ ಅದು ಸಿಕ್ಕಿದೆ. ಒಳಗೆ ಸೇದುವವರ ಮಕ್ಕಳಿಗಿಂತ ಕಡಿಮೆ, ಸೇದದವರ ಮಕ್ಕಳಿಗಿಂತ ಹೆಚ್ಚು. ನಿಮ್ಮ ಮಗಳ ಗೊರಗೊರಕ್ಕೆ ಸಿಗರೇಟೊಂದೇ ಕಾರಣ ಅನ್ನುತ್ತಿಲ್ಲ, ನೆಗಡಿಯ ವೈರಸ್ಸೂ ಇರುತ್ತದೆ. ಆದರೆ ಹೊಗೆ ತಾಗಿದ ಮಗುವಿಗೆ ಆ ನೆಗಡಿ ಬೇಗ ಎದೆಗಿಳಿಯುತ್ತದೆ, ಕಿವಿ ಸೋರುತ್ತದೆ, ಉಬ್ಬಸ ಹೆಚ್ಚುತ್ತದೆ.

ನೀವು ಶಿಡ್ಲಘಟ್ಟದವರು, ನಾನು ಇಷ್ಟು ವಿವರಿಸಬೇಕಿರಲಿಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ಬೀಡಿ ಸೇದಿದ ಕೈಯಲ್ಲಿ ಹೋಗಿ ನೋಡಿ, ಮನೆಯ ಹೆಂಗಸರು ಹೊಸಿಲು ದಾಟಲು ಬಿಡುವುದಿಲ್ಲ. ತಂಬಾಕಿನ ನಂಜು ತಗುಲಿದ ಸೊಪ್ಪು ತಿಂದ ಹುಳು ಮೇವು ಬಿಟ್ಟು, ವಾಂತಿ ಮಾಡಿಕೊಂಡು ಸಾಯುವುದನ್ನು ಕಂಡವರು ಅವರು. ಹುಳು ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದು, ದಾಟಿ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತುವ ತನಕ ಸುಮಾರು ಇಪ್ಪತ್ತೈದು ದಿನ ಎಷ್ಟು ಜೋಪಾನ! ಕೈ ತೊಳೆದು, ಕಾಲು ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ. ಗೂಡಿನ ರೇಟು ಬೀಳಬಾರದೆಂದು ಇಷ್ಟು ಮಡಿ ಮಾಡುವ ಊರಿನಲ್ಲಿ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಿರಿ ಎಂದು ನಾನು ಹೇಳಬೇಕಾಗಿ ಬರುತ್ತದಲ್ಲ, ಅದು ನನಗೆ ಸಹಿಸಲಾಗದ ಸಂಕಟ.

ಶರ್ಟು ಬದಲಿಸಿ, ಕೈ ಬಾಯಿ ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಎತ್ತಿಕೊಳ್ಳಿ. ಬಿಡುವವರೆಗಿನ ಮಾತು ಇದು, ಬಿಡುವುದಕ್ಕೆ ಬದಲಲ್ಲ. ಬಿಡಲು ಒಂದು ದಿನ ಗೊತ್ತು ಮಾಡಿ. ಮೊದಲ ಮೂರ್ನಾಲ್ಕು ದಿನ ಸಿಡುಕು, ನಿದ್ದೆಗೇಡು ಜೋರು. ಮೂರ್ನಾಲ್ಕು ವಾರದಲ್ಲಿ ತಗ್ಗುತ್ತದೆ. ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಬಬಲ್ ಗಮ್ಮಿನಂತೆ ಅಗಿಯುತ್ತಲೇ ಇರಬೇಡಿ. ಚುರುಗುಟ್ಟಿದ ಕೂಡಲೇ ಕೆನ್ನೆಯ ಪಕ್ಕ ಒತ್ತಿಟ್ಟುಕೊಳ್ಳಿ, ಚುರುಕು ಹೋದ ಮೇಲೆ ಮತ್ತೆ ಅಗಿಯಿರಿ. ಹೃದಯದ ತೊಂದರೆ ಇದ್ದವರು ನಿಮ್ಮ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. 1800112356ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಪ್ರಶ್ನೆ: ಊದುಬತ್ತಿ ಹಚ್ಚಿದರೆ ಸಿಗರೇಟಿನ ಹೊಗೆ ಹೋಗುತ್ತದೆಯೇ? (ಕೋಲಾರ)

ಇಲ್ಲ. ಎರಡು ಹೊಗೆ ಆಗುತ್ತದೆ.

ಪ್ರಶ್ನೆ: ಬೀಡಿ ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಲ್ಲವೇ? (ಚಿಂತಾಮಣಿ)

ಆರಿಹೋಗುತ್ತದೆ ಎಂದು ಅದನ್ನು ಇನ್ನೂ ಹೆಚ್ಚು ಸಲ, ಇನ್ನೂ ಜೋರಾಗಿ ಎಳೆಯಬೇಕು. ಟಾರೂ ಹೆಚ್ಚು, ಕಾರ್ಬನ್ ಮಾನಾಕ್ಸೈಡೂ ಹೆಚ್ಚು. ಎಲೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗುವಿನ ಕಫಕ್ಕೆ ನಮ್ಮ ಕಡೆ ಬರೆ ಹಾಕುತ್ತಾರೆ, ಹಾಕಿಸಲೇ? (ಬಾಗೇಪಲ್ಲಿ)

ಬೇಡ, ಬೇಡ, ಬೇಡ. ಸುಟ್ಟ ಗಾಯದ ಜೊತೆಗೆ ನ್ಯುಮೋನಿಯಾ ಹೊತ್ತುಕೊಂಡು, ಎರಡು ದಿನ ತಡವಾಗಿ ಬರುವ ಕೂಸುಗಳನ್ನು ನಾನು ನೋಡುತ್ತಲೇ ಇದ್ದೇನೆ. ಬರೆ ಹಾಕುವವನು ಆ ಹೊತ್ತಿಗೆ ನಿಮ್ಮ ಜೊತೆ ಆಸ್ಪತ್ರೆಗೆ ಬಂದಿರುವುದಿಲ್ಲ.

ಪ್ರಶ್ನೆ: ಮಾವನವರು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡೇ ಬೀಡಿ ಸೇದುತ್ತಾರೆ. ನಮ್ಮವರೂ ಸುಮ್ಮನಿರುತ್ತಾರೆ. ಸೊಸೆಯಾಗಿ ನಾನು ಹೇಗೆ ಹೇಳಲಿ? (ಗೌರಿಬಿದನೂರು)

ನೀವು ಹೇಳುವುದು ಬೇಡ ತಾಯಿ. ಹೇಳಿ ಮನೆಯಲ್ಲಿ ಮಾತು ಕೇಳುವುದೂ ಬೇಡ. ಮೊಮ್ಮಗುವನ್ನು ತೊಡೆಯಿಂದ ಇಳಿಸದ ಅಜ್ಜನಿಗೆ ಅದರ ಮೇಲೆ ಪ್ರೀತಿ ಇದೆ. ಬೀಡಿ ಅದಕ್ಕೆ ಏನು ಮಾಡುತ್ತದೆಂದು ಎದುರು ಕೂತು ಹೇಳಿದವರು ಇಲ್ಲ, ಅಷ್ಟೇ. ಮುಂದಿನ ಲಸಿಕೆಯ ದಿನ ಮಗುವನ್ನು ಅವರೇ ಎತ್ತಿಕೊಂಡು ಬರುವ ಹಾಗೆ ಮಾಡಿ. ಡಾಕ್ಟರು ಅಥವಾ ನರ್ಸಮ್ಮನ ಕಿವಿಯಲ್ಲಿ ಮೊದಲೇ ಒಂದು ಮಾತು ಹಾಕಿಡಿ. ಸ್ಟೆತಸ್ಕೋಪನ್ನು ಅಜ್ಜನ ಕಿವಿಗೇ ಇಟ್ಟು ಮಗುವಿನ ಎದೆ ಕೇಳಿಸಲಿ. ನನ್ನಲ್ಲಿಗೆ ಬಂದ ಅಜ್ಜಂದಿರಿಗೆಲ್ಲ ನಾನು ಹಾಗೇ ಮಾಡುವುದು.